ಚಳಿಗಾಲದ ರಿಪೇರಿ

"ಕಾಲು ನೋಡ್ಕೊಂಡು ಇಡೋ, ಕಾಲು" ಎಂದು ಹಿಂದಿನಿಂದ ವೈನೋ ಗದರುವಷ್ಟರಲ್ಲಿ ರಾಡ್ನಿಯ ಎಡಗಾಲು ಕೆಸರಿನಲ್ಲಿ ಹೂತುಹೋಗಿತ್ತು. ಆರು ಜನರ ಕೈಯಲ್ಲಿದ್ದ ಶವಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿತು. ರಾಡ್ನಿ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯ ಹಿಡಿತ ಬಿಡದೆ ಹೇಗೋ ಸಾವರಿಸಿಕೊಂಡು ಎದ್ದ. ಉಣ್ಣೆಯ ಕೈಗವಸು ಹಿಮದ ನೀರು ಕುಡಿದು ತೊಟ್ಟಿಕ್ಕುತ್ತಿತ್ತು. ಒಳಗಿದ್ದವನು ಅವನ ಅಪ್ಪ. ಬೀಳಿಸಿಬಿಡುತ್ತಿದ್ದೆನಲ್ಲ ಎಂದು ಅವನ ಮುಖ ಬಿಳಿಚಿಕೊಂಡಿತು.

"ಏನಾಗಿಲ್ಲ ನಡಿ" ಎಂದ ವೈನೋ, ದನಿ ತಗ್ಗಿಸಿ. ವೈನೋ ಅವನ ಸೋದರಮಾವ. "ಭಾವ ಬದುಕಿದ್ದಾಗ್ಲೂ ಹೀಗೇ, ಹೊತ್ಕೊಳ್ಳೋದು ಕಷ್ಟ."

ಆ ಕೆಸರಿಗಾಗಿಯೇ ಎಲ್ಲರೂ ಇಷ್ಟು ದಿನ ಕಾದದ್ದು. ಅಮೆರಿಕದ ಉತ್ತರದಂಚಿನ ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಚಳಿಗಾಲದಲ್ಲಿ ಸತ್ತವರಿಗೆ ಕೂಡಲೇ ಮಣ್ಣು ಸಿಗುವುದಿಲ್ಲ. ನೆಲ ಹೆಪ್ಪುಗಟ್ಟಿ, ಹೊಡೆದ ಗುದ್ದಲಿಯನ್ನು ಹಾಗೇ ಹಿಂದಕ್ಕೆ ಎಸೆಯುತ್ತದೆ. ದೊಡ್ಡ ಊರುಗಳಲ್ಲಿ ಯಂತ್ರ ತರಿಸಿ ಅಗೆಸುತ್ತಾರಂತೆ, ಅಗೆಸಲಿ. ನಮ್ಮೂರಲ್ಲಿ ಮಾತ್ರ ಸ್ಮಶಾನದ ಮೂಲೆಯ ಕಲ್ಲುಮನೆಯಲ್ಲಿ ಪೆಟ್ಟಿಗೆ ಇಟ್ಟು, ಬೀಗ ಹಾಕಿ, ಹಿಮ ಕರಗುವವರೆಗೆ ಕಾಯುತ್ತಾರೆ. ರಾಡ್ನಿಯ ಅಪ್ಪ ಸುಲೋ ಸಾಲ್ಮಿ ಜನವರಿಯಲ್ಲಿ ಅಂಗಳದ ಹಿಮ ಎತ್ತಿಹಾಕುತ್ತಿದ್ದಾಗ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಆಗ ಒಂದು ಸಲ ಪ್ರಾರ್ಥನೆಯಾಯಿತು, ಒಂದು ಸಲ ಅತ್ತದ್ದೂ ಆಯಿತು. ಈಗ ಮೇ ತಿಂಗಳಲ್ಲಿ ಮಣ್ಣು. ಎರಡೆರಡು ಸಲ ಅಳುವುದು ಹೊರಗಿನವರಿಗೆ ಕ್ರೂರ ಅನ್ನಿಸಬಹುದು. ನಮಗೋ, ಒಂದೇ ಸಲಕ್ಕೆ ಮುಗಿಸಿ ಕೈತೊಳೆದುಕೊಳ್ಳುವುದೇ ಅವಸರ ಅನ್ನಿಸುತ್ತದೆ.

ಗುಂಡಿಯ ಪಕ್ಕ ಸುಲೋನ ಹೆಂಡತಿ ಲೆಂಪಿ ನಿಂತಿದ್ದಳು. ಪಾದ್ರಿ ಪುಸ್ತಕ ತೆರೆದಿದ್ದರು. ಆದರೆ ಅವಳ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ, ಸ್ಮಶಾನದ ಗೇಟಿನ ಕಡೆಗಿತ್ತು. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ನಂಬರಿನ ಪಿಕಪ್ ಗಾಡಿಯೊಂದು ಆಗತಾನೆ ಬಂದು ನಿಂತಿತ್ತು. ಬೆನ್ನು ಬಾಗಿದ ಉದ್ದನೆಯ ಮುದುಕನೊಬ್ಬ ಇಳಿದು, ಟೊಪ್ಪಿ ತೆಗೆದು, ಒಳಗೆ ಬರಲೋ ಬೇಡವೋ ಎಂದು ಗೇಟಿನ ಹೊರಗೇ ನಿಂತ. ಗಾಡಿಯ ಮುಂದಿನ ಸೀಟಿಗೆ ಒರಗಿಸಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆ ಗಾಜಿನಿಂದ ಕಾಣುತ್ತಿತ್ತು. ಲೆಂಪಿ ಆ ಮನುಷ್ಯನ ಮುಖ ಈವರೆಗೆ ನೋಡಿದವಳಲ್ಲ. ಆದರೆ ಆ ರಟ್ಟಿನ ಪೆಟ್ಟಿಗೆಯನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು.

ರಾಡ್ನಿಯೂ ನೋಡಿದ. ಅಮ್ಮನ ಪಕ್ಕಕ್ಕೆ ಬಂದು ನಿಂತು ಕಿವಿಯ ಹತ್ತಿರ ಕೇಳಿದ, "ಅವನೇನಾ?"

"ಇರಬೇಕು."

"ತಂದಿದಾನೆ. ಅಮ್ಮ, ನಾನು ಹೇಳಿದ್ದು ನೆನಪಿದೆ ತಾನೆ? ಮಾರೋ ಕಾಗದಕ್ಕೆ ನೀನು ಸಹಿ ಹಾಕೋ ಹಾಗಿಲ್ಲ."

"ಮೊದ್ಲು ನಿಮ್ಮಪ್ಪನ್ನ ಮಣ್ಣು ಮಾಡು" ಎಂದಳು ಲೆಂಪಿ.

ಅಮ್ಮ ಮಗನ ನಡುವೆ ಜನವರಿಯಿಂದ ಇದ್ದ ಜಗಳ ಇದೊಂದೇ. ಸುಲೋನ ಹತ್ತಿರ ಅವನಪ್ಪನ ಕಾಲದ ಬೇಟೆಯ ಬಂದೂಕಿತ್ತು. ಅವನು ಸತ್ತಾಗ ಅದು ಓರಿನ್ ಎಂಬ ಬಂದೂಕು ರಿಪೇರಿಯವನ ಹತ್ತಿರ ಇತ್ತು. ಲೆಂಪಿ ಫೋನ್ ಮಾಡಿ, ಇನ್ನು ವಾಪಸು ಬೇಡ, ಮಾರಿಬಿಡಿ ಅಂದಳು. ಓರಿನ್ ಒಪ್ಪಲಿಲ್ಲ. ಕಳಿಸಿದವನೇ ಸಹಿ ಹಾಕಿ ತೆಗೆದುಕೊಳ್ಳಬೇಕಾದ ಸಾಮಾನು, ಅವನೇ ಇಲ್ಲ ಅಂದಮೇಲೆ ನಾನೇ ತರುತ್ತೇನೆ, ಕಣ್ಣಾರೆ ನೋಡಿ ಆಮೇಲೆ ತೀರ್ಮಾನ ಮಾಡಿ ಅಂದ. ರಾಡ್ನಿಗೆ ವಿಷಯ ಗೊತ್ತಾಗಿ ಉರಿದುಬಿದ್ದ. ಒಬ್ಬನೇ ಮಗ ನಾನು, ಅಜ್ಜನ ಬಂದೂಕು, ಅದರಲ್ಲೇ ಗುರಿ ಹಿಡಿಯೋದು ಕಲಿತವನು, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಅಂದ. ಲೆಂಪಿ ಕಾರಣ ಹೇಳಲಿಲ್ಲ. ನಿನಗೆ ಕೊಡುವುದಿಲ್ಲ ಅಂದಳು, ಅಷ್ಟೆ.

ಕಾರಣ ಅವಳ ಎದೆಯಲ್ಲಿತ್ತು. ಈ ಚಳಿಗಾಲವೆಲ್ಲ ರಾಡ್ನಿ ರಸ್ತೆಯ ಹಿಮ ತೆಗೆಯುವ ಕೆಲಸ ಮುಗಿಸಿ ಅವಳ ಅಂಗಳಕ್ಕೆ ಬಂದು, ಗಾಡಿಯ ಎಂಜಿನ್ ಆರಿಸಿ, ಒಳಗೇ ಕೂತಿರುತ್ತಿದ್ದ. ಮುಂದಿನ ಗಾಜಿನ ಮೇಲೆ ಹಿಮ ಕಟ್ಟಿ ಅವನು ಕಾಣದಂತಾಗುವವರೆಗೂ ಇಳಿಯುತ್ತಿರಲಿಲ್ಲ. ಅಡಿಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಲೆಂಪಿ ಅವನು ಇಳಿಯುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಹೀಗೆ ಕೂರುವವರನ್ನು ಅವಳು ಮೊದಲೊಮ್ಮೆ ನೋಡಿದ್ದಳು. ಗಂಡ ಹೋದ, ಮಗನಾದರೂ ಉಳಿಯಬೇಕು. ಆ ಬಂದೂಕು ಅವನ ಕೈಗೆ ಹೋಗಬಾರದು.

ಮಣ್ಣು ಹಾಕುವಾಗ ಗೇಟಿನ ಹೊರಗಿದ್ದ ಮುದುಕ ಮೆಲ್ಲಗೆ ಒಳಗೆ ಬಂದ. ಸರತಿಯಲ್ಲಿ ಕೊನೆಯವನಾಗಿ ನಿಂತು, ಒಂದು ಹಿಡಿ ಮಣ್ಣು ಹಾಕಿ, ಸ್ವಲ್ಪ ಹೊತ್ತು ಕೆಳಗೆ ನೋಡುತ್ತ ನಿಂತ. ಇಷ್ಟು ವರ್ಷದ ಪರಿಚಯದಲ್ಲಿ ಅವನು ಸುಲೋನನ್ನು ಎದುರಾಬದುರು ಕಂಡದ್ದು ಅದೇ ಮೊದಲು.

*

ತಾಮ್ರದ ಗಣಿ ಮುಚ್ಚಿದ ವರ್ಷ ರಾಡ್ನಿ ಇನ್ನೂ ಶಾಲೆಗೆ ಸೇರಿರಲಿಲ್ಲ. ಊರಿನ ಅರ್ಧ ಗಂಡಸರು ಕೆಲಸ ಹುಡುಕಿಕೊಂಡು ಡೆಟ್ರಾಯಿಟ್‌ಗೆ ಹೋದರು. ಸುಲೋ ಹೋಗಲಿಲ್ಲ. ಇಲ್ಲೇ ಏನಾದರೂ ಸಿಗುತ್ತದೆ ಅಂದ. ಏನೂ ಸಿಗಲಿಲ್ಲ. ನವೆಂಬರ್ ಬಂತು, ಜಿಂಕೆ ಬೇಟೆಯ ದಿನಗಳು ಮುಗಿದವು, ಹಿಮ ಕಿಟಕಿಯ ಅರ್ಧಕ್ಕೆ ಏರಿತು.

ಒಂದು ಶನಿವಾರ ಮಧ್ಯಾಹ್ನ ಲೆಂಪಿ ಟವೆಲು ಹಿಡಿದುಕೊಂಡು ಹಿತ್ತಲಿನ ಸೌನಾಕ್ಕೆ ಹೋದಳು. ನಾವು ಫಿನ್‌ಲ್ಯಾಂಡಿನ ಮೂಲದವರು, ಊಟ ಬಿಟ್ಟರೂ ಶನಿವಾರದ ಬಿಸಿ ಹಬೆ ಸ್ನಾನ ಬಿಡುವವರಲ್ಲ. ಒಲೆ ಹಚ್ಚುತ್ತೇನೆಂದು ಸುಲೋ ಆಗಲೇ ಹೋಗಿದ್ದ. ಚಿಮಣಿಯಲ್ಲಿ ಮಾತ್ರ ಹೊಗೆಯಿರಲಿಲ್ಲ. ಬಾಗಿಲು ತೆಗೆದರೆ ಹೊರಕೋಣೆಯ ಬೆಂಚಿನ ಮೇಲೆ ಕೋಟು ಸಮೇತ ಕೂತಿದ್ದ. ತೊಡೆಯ ಮೇಲೆ ಬಂದೂಕಿತ್ತು.

"ಒರೆಸಿಡೋಣ ಅಂತ ತಂದೆ" ಎಂದ ಸುಲೋ. ಬಂದೂಕಿನಿಂದ ಕಣ್ಣೆತ್ತದೆ ಮತ್ತೆ ಅಂದ, "ಸುಳ್ಳು. ಒರೆಸೋಕಲ್ಲ. ಲೆಂಪಿ, ಇದು ಮನೇಲಿ ಇರೋದು ಬೇಡ."

ಲೆಂಪಿ ಟವೆಲನ್ನು ಎದೆಗೊತ್ತಿಕೊಂಡು ಅವನ ಪಕ್ಕದಲ್ಲಿ ಕೂತಳು. ಬಂದೂಕನ್ನು ಮೆಲ್ಲಗೆ ಅವನ ತೊಡೆಯಿಂದ ತನ್ನ ತೊಡೆಗೆ ಎಳೆದುಕೊಂಡಳು. ಅವನು ತಡೆಯಲಿಲ್ಲ.

"ಮಾರಿಬಿಡೋಣ್ವಾ?"

"ಅಪ್ಪಂದು. ಮಾರೋದು ಬೇಡ. ಹಿಮ ಹೋದ್ಮೇಲೆ ನಾನು ಸರಿ ಇರ್ತೀನಿ. ಈ ಕತ್ತಲು ಕಳೆಯೋವರೆಗೂ ಎಲ್ಲಾದ್ರೂ ದೂರ ಇರ್ಲಿ."

ಲೆಂಪಿಯ ತಮ್ಮ ವೈನೋನ ಮನೆಯಲ್ಲಿಡಬಹುದಿತ್ತು. ಆದರೆ ವೈನೋ ಯಾಕೆ ಅಂತ ಕೇಳುತ್ತಿದ್ದ, ಅವನ ಬಾಯಿಂದ ಅದು ಸಂಜೆಯೊಳಗೆ ಊರೆಲ್ಲ ಸುತ್ತುತ್ತಿತ್ತು. ನಮ್ಮ ಕಡೆ ಗಂಡಸು ತನ್ನ ಬಂದೂಕಿಗೆ ಏನೋ ಆಗಿದೆ ಅಂತ ತಲೆಯೆತ್ತಿ ಹೇಳಬಹುದು. ತನಗೆ ಏನೋ ಆಗಿದೆ ಅಂತ ಹೇಳುವ ರೂಢಿಯಿಲ್ಲ. ಇಂಥ ದರಿದ್ರ ರೂಢಿ ಯಾರು ಮಾಡಿದರೋ, ಎಷ್ಟು ಮನೆ ಹಾಳು ಮಾಡಿದೆಯೋ.

ಬೇಟೆಯ ಪತ್ರಿಕೆಯೊಂದರ ಹಿಂದಿನ ಪುಟದಲ್ಲಿ ಓರಿನ್‌ನ ಜಾಹೀರಾತು ಸಿಕ್ಕಿತು. ಬಂದೂಕನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಪರದೆಯ ಸರಳು ಬಂದಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಗಂಡಹೆಂಡತಿ ಸೇರಿ ಟೇಪು ಹಾಕಿದರು. ಅಂಚೆ ಕಚೇರಿಯಲ್ಲಿ ಗುಮಾಸ್ತ ಒಳಗೇನು ಅಂತ ಕೇಳಿದ, ಗುಂಡು ತೆಗೆದಿದೆ ತಾನೆ ಅಂತ ಕೇಳಿದ. ಎಲ್ಲಕ್ಕೂ ಉತ್ತರ ಹೇಳಿದರು. ಕೊನೆಗೆ ಸುಮ್ಮನೆ ಮಾತಿಗೆ, ಏನಾಗಿದೆ ಇದಕ್ಕೆ ಅಂದ.

"ಕುದುರೆ ಸಡಿಲ ಇದೆ" ಎಂದ ಸುಲೋ. ಬಂದೂಕಿನ ಕುದುರೆ, ಬೆರಳಿಟ್ಟು ಎಳೆಯುವಂಥದ್ದು.

ವಾರ ಕಳೆದು ಓರಿನ್ ಫೋನ್ ಮಾಡಿದಾಗ ಎತ್ತಿದವಳು ಲೆಂಪಿ. ಪೂರ್ತಿ ಬಿಚ್ಚಿ ನೋಡಿದೆ, ಕುದುರೆ ಬಿಗಿಯಾಗೇ ಇದೆ, ಇದಕ್ಕೇನೂ ಆಗಿಲ್ಲವಲ್ಲ ಅಂದ ಅವನು. ಸುಲೋ ಅವಳಿಗೆ ಬೆನ್ನು ಮಾಡಿ ಮೇಜಿನ ಮುಂದೆ ಕೂತಿದ್ದ. ಕಾಫಿ ಮುಟ್ಟಿರಲಿಲ್ಲ.

"ಹಿಮ ಕರಗೋವರೆಗೂ ನಿಮ್ಮ ಹತ್ರಾನೇ ಇಟ್ಕೊಳ್ಳೋಕೆ ಆಗುತ್ತಾ?" ಎಂದಳು ಲೆಂಪಿ.

ಆ ಕಡೆ ಓರಿನ್ ಯಾವುದೋ ಡ್ರಾಯರು ಎಳೆದು ಮುಚ್ಚಿದ ಸದ್ದು ಕೇಳಿಸಿತು.

"ಆಗುತ್ತೆ ಬಿಡಿ" ಎಂದ ಓರಿನ್. "ಇಂಥ ಕೆಲ್ಸ ನಿಧಾನವಾಗೇ ಮಾಡ್ಬೇಕು."

ಮರುವರ್ಷ ಸುಲೋಗೆ ಮರದ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಆದರೂ ನವೆಂಬರಿನ ಬೇಟೆ ಮುಗಿದ ಮರುದಿನ ಪೆಟ್ಟಿಗೆ ಅಂಚೆಗೆ ಹೋಯಿತು. ಕತ್ತಲು ಕೆಲಸ ಇದೆಯೋ ಇಲ್ಲವೋ ಅಂತ ನೋಡಿಕೊಂಡು ಬರುವುದಿಲ್ಲ. ಆಮೇಲೆ ಅದೇ ಪದ್ಧತಿಯಾಯಿತು. ಅದೇ ಪೆಟ್ಟಿಗೆ, ಮೇಲಿಂದ ಮೇಲೆ ಟೇಪು ಬಿದ್ದು ಮರದ ತೊಗಟೆಯ ಹಾಗೆ ದಪ್ಪವಾಯಿತು. ಬೇರೊಂದು ಸಣ್ಣ ಡಬ್ಬಿಯಲ್ಲಿ ಲೆಂಪಿ ಮಾಡಿದ ಕಾಡುಹಣ್ಣಿನ ಜಾಮು. ಫೆಬ್ರವರಿಯಲ್ಲಿ, ಎಲ್ಲಕ್ಕಿಂತ ಕಷ್ಟದ ದಿನಗಳಲ್ಲಿ, ಸುಲೋ ಫೋನ್ ಮಾಡಿ ರಿಪೇರಿ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದ. ಓರಿನ್ ಪ್ರತಿ ಸಲ ಹೊಸದೊಂದು ಕಾಯಿಲೆ ಹೇಳುತ್ತಿದ್ದ. ಸ್ಪ್ರಿಂಗು ಸವೆದಿದೆ, ತಿರುಪು ತುಕ್ಕು ಹಿಡಿದಿದೆ, ಸಾಮಾನು ಇನ್ನೂ ಬಂದಿಲ್ಲ. ಆಮೇಲೆ ಇಬ್ಬರೂ ಹವಾಮಾನ ಮಾತಾಡುತ್ತಿದ್ದರು, ತುಂಬ ಹೊತ್ತು.

ಅಡಿಗೆಮನೆಯ ಬಾಗಿಲ ಮೇಲೆ ಬಂದೂಕು ಹಾಕಲು ಸುಲೋನ ಅಪ್ಪ ಹೊಡೆದಿದ್ದ ಎರಡು ಗೂಟಗಳಿದ್ದವು. ಚಳಿಗಾಲದಲ್ಲಿ ಸುಲೋ ಅವುಗಳಿಗೆ ತನ್ನ ಒದ್ದೆ ಕೈಗವಸು ನೇತುಹಾಕುತ್ತಿದ್ದ. ತೊಟ್ಟಿಕ್ಕುವ ನೀರಿಗೆ ಲೆಂಪಿ ಕೆಳಗೊಂದು ಹಳೆ ಬಟ್ಟೆ ಹಾಸುತ್ತಿದ್ದಳು.

*

ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕಿಟ್ಟಿದ್ದರು. ಮಾಂಸ, ಆಲೂಗಡ್ಡೆ ತುಂಬಿ ಕರಿಗಡುಬಿನ ಹಾಗೆ ಮಡಿಸಿ ಬೇಯಿಸಿದ ಪ್ಯಾಸ್ಟಿ, ಏಲಕ್ಕಿ ಹಾಕಿದ ಬ್ರೆಡ್ಡು, ಎಷ್ಟು ಕುಡಿದರೂ ಮುಗಿಯದ ಕಾಫಿ. ಜನ ಸುಲೋನ ಬಗ್ಗೆ ಒಳ್ಳೆಯ ಮಾತಾಡಿದರು. ಮಿಲ್ಲಿಗೆ ಒಂದು ದಿನ ತಡವಾಗಿ ಬಂದವನಲ್ಲ ಅಂದರು. ಅವನ ಸೌನಾದ ಬಿಸಿ ಬೇರೆ ಯಾರ ಸೌನಾದಲ್ಲೂ ಇರಲಿಲ್ಲ ಅಂದರು. ಅವನ ಬಂದೂಕಿನ ಬಗ್ಗೆಯೂ ನಕ್ಕರು. ಊರಲ್ಲಿ ಅದೊಂದು ಹಳೆಯ ನಗೆ. ಮೊಲ ಹೊಡೆಯೋಣ ಬಾ ಅಂದರೆ ರಿಪೇರಿಗೆ ಹೋಗಿದೆ, ಕೋಳಿ ಹಿಡಿಯುವ ತೋಳ ಬಂದಿದೆ ಅಂದರೆ ರಿಪೇರಿಗೆ ಹೋಗಿದೆ. ಅಷ್ಟು ಕಾಯಿಲೆಯ ಬಂದೂಕು ಈ ಸೀಮೆಯಲ್ಲೇ ಇಲ್ಲ ಅಂತ ಒಬ್ಬ ಅಂದ.

ಲೆಂಪಿಯ ಪಕ್ಕ ಕೂತಿದ್ದ ಓರಿನ್ ತಲೆ ತಗ್ಗಿಸಿ ಬ್ರೆಡ್ಡು ಮುರಿಯುತ್ತಿದ್ದ. ಇವರು ಯಾರು ಅಂತ ವೈನೋ ಕೇಳಿದ. ಬಂದೂಕು ರಿಪೇರಿಯವರು ಅಂದಳು ಲೆಂಪಿ. ವೈನೋ ಪ್ಯಾಸ್ಟಿಯ ತಟ್ಟೆಯನ್ನು ಆಚೆ ಸರಿಸಿದ.

"ಓ, ಇವರೇನಾ" ಎಂದ. "ನಮ್ಮ ಹೊಸ ಬಂದೂಕು ಮಾರಿಕೊಟ್ಟ ಪುಣ್ಯಾತ್ಮರು."

ಆ ಮಾತಿನ ಹಿಂದಿನ ಕತೆ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸುಲೋ ಮಿಲ್ಲಿನಿಂದ ನಿವೃತ್ತನಾದಾಗ ವೈನೋ ಮನೆಮನೆ ಸುತ್ತಿ ಎಲ್ಲರ ಹತ್ತಿರ ವಂತಿಗೆ ಎತ್ತಿದ್ದ. ಗಡಿಯಾರ ಬೇಡ, ಭಾವನ ಹಾಳು ಬಂದೂಕಿನ ಗೋಳು ತಪ್ಪಲಿ, ಹೊಸದೇ ಕೊಡಿಸೋಣ ಅಂದ. ದುರ್ಬೀನು ಕೂರಿಸಿದ ಬಂದೂಕನ್ನು ಮಿಲ್ಲಿನ ಅಂಗಳದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಸುಲೋನ ಕೈಗಿಟ್ಟರು. ನವೆಂಬರಿನ ಕೊನೆ. ಹಳೆಯದನ್ನು ಅಂಚೆಗೆ ಹಾಕಿ ಬಂದು ಇನ್ನೂ ಮೂರು ದಿನವಾಗಿರಲಿಲ್ಲ. ಸುಲೋ ಬಿಳಿಚಿಕೊಂಡ. ಸಂತೋಷಕ್ಕೆ ಮಾತು ಬರುತ್ತಿಲ್ಲ ಅಂತ ಎಲ್ಲರೂ ಅಂದುಕೊಂಡರು. ಮರುದಿನವೇ ಅವನು ಅಂಚೆ ಕಚೇರಿಯಲ್ಲಿದ್ದ. ಅದೇ ಸಮಯಕ್ಕೆ ಅಲ್ಲಿಗೆ ಬಂದ ವೈನೋ, ಹೊಸದೂ ರಿಪೇರಿಗಾ ಭಾವ ಅಂತ ನಗುತ್ತ ಕೇಳಿದ. ಅಲ್ಲ, ಮಾರೋಕೆ ಅಂದ ಸುಲೋ. ಅವನಿಗೆ ಬೇರೆ ಸುಳ್ಳು ಹೊಳೆಯಲಿಲ್ಲ. ಬಂದ ಹಣ ಚರ್ಚಿನ ಸೋರುವ ಸೂರಿಗೆ ಹೋಯಿತು. ವೈನೋ ಮಾತ್ರ ಅಂದಿನಿಂದ ಅಕ್ಕನ ಮನೆಯ ಮೆಟ್ಟಿಲು ಹತ್ತಲಿಲ್ಲ. ಭಾವನ ಜೊತೆ ಮಾತು ಕ್ರಿಸ್‌ಮಸ್ಸಿಗೆ ಒಂದು, ಈಸ್ಟರಿಗೆ ಒಂದು.

"ಮನೆಗೆ ಬಾ ವೈನೋ" ಎಂದಳು ಲೆಂಪಿ. "ಇವತ್ತಾದ್ರೂ ಬಾ. ನಿಂಗೊಂದು ಮಾತು ಹೇಳ್ಬೇಕು."

*

ಅಡಿಗೆಮನೆಯ ಮೇಜಿನ ಮೇಲೆ ಓರಿನ್ ರಟ್ಟಿನ ಪೆಟ್ಟಿಗೆ ಇಟ್ಟ. ಅದರ ಮೇಲೆ ಸುಲೋ ಸಾಲ್ಮಿ ಎಂಬ ಹೆಸರು, ವರ್ಷವರ್ಷವೂ ಅದೇ ಅಕ್ಷರದ ಮೇಲೆ ಶಾಯಿ ಎಳೆದು ಕಪ್ಪಾಗಿತ್ತು. ಪಕ್ಕದಲ್ಲಿ ಮಾರಾಟದ ಕಾಗದ. ರಾಡ್ನಿ ಒದ್ದೆ ಬೂಟು ಕಳಚದೆ ಬಾಗಿಲಲ್ಲೇ ನಿಂತಿದ್ದ. ಅವನ ತಲೆಯ ಮೇಲೆ ಗೂಟಗಳು ಖಾಲಿ ಇದ್ದವು. ವೈನೋ ಕೂರಲಿಲ್ಲ.

"ಈ ಸಲ ಏನು ಕೆಟ್ಟಿತ್ತಂತೆ?" ಎಂದು ಕೇಳಿದ.

ಓರಿನ್ ಲೆಂಪಿಯ ಮುಖ ನೋಡಿದ. "ಸ್ಪ್ರಿಂಗು ಸ್ವಲ್ಪ..." ಎಂದು ಶುರುಮಾಡಿದ.

"ಸಾಕು ಬಿಡಿ ಓರಿನ್" ಎಂದಳು ಲೆಂಪಿ. "ಮಣ್ಣು ಮಾಡಿ ಆಯ್ತು. ಇನ್ಯಾರನ್ನ ಕಾಪಾಡೋಕೆ ಸುಳ್ಳು? ವೈನೋ, ಅದು ಒಂದು ದಿನಾನೂ ಕೆಟ್ಟಿರ್ಲಿಲ್ಲ ಕಣೋ. ಚಳಿಗಾಲದಲ್ಲಿ ಅವರಿಗೆ ಬದುಕೋದೇ ಬೇಡ ಅನ್ನಿಸ್ತಿತ್ತು. ಗಣಿ ಮುಚ್ಚಿದ ವರ್ಷದಿಂದ. ಅದಕ್ಕೇ ಅದು ಮನೇಲಿ ಇರ್ತಿರ್ಲಿಲ್ಲ. ಇವ್ರು ಇಟ್ಕೊಂಡಿರ್ತಿದ್ರು."

ಒಲೆಯ ಮೇಲೆ ಕಾಫಿಯ ಪಾತ್ರೆ ಕೊತಕೊತ ಅನ್ನುತ್ತಿತ್ತು. ಯಾರೂ ಅದನ್ನು ಇಳಿಸಲಿಲ್ಲ. ವೈನೋ ಕುರ್ಚಿ ಎಳೆದು ಕೂತ. ಅವನ ಮುಖದಲ್ಲಿ ಲೆಕ್ಕ ಹಾಕುವವನ ಗೊಂದಲವಿತ್ತು. ನಿಧಾನವಾಗಿ ಅದು ಬೇರೆಯೇ ಏನೋ ಆಯಿತು.

"ನಾನು ಹೊಸದೊಂದು ತಂದು ಕೈಗಿಟ್ನಲ್ಲ ಅಕ್ಕ" ಎಂದ. "ನವೆಂಬರಲ್ಲಿ."

"ನಿಂಗೆ ಹೇಗೆ ಗೊತ್ತಾಗ್ಬೇಕು?"

"ಎಲ್ಲರ ಮುಂದೆ ಇಟ್ಟೆ. ಚಪ್ಪಾಳೆ ತಟ್ಟಿಸಿದೆ." ದೊಡ್ಡ ಕೈಗಳಿಂದ ಮುಖ ಮುಚ್ಚಿಕೊಂಡ. "ಅಷ್ಟು ವರ್ಷ ಮಾತು ಬಿಟ್ಟೆ."

ಲೆಂಪಿ ತಮ್ಮನ ತಲೆಯ ಮೇಲೆ ಕೈಯಿಟ್ಟಳು. ಮಾತಾಡುವಾಗ ಮಾತ್ರ ಅವಳು ಮಗನ ಕಡೆ ತಿರುಗಿದಳು. ಇದನ್ನು ಹೇಳುವುದಕ್ಕೆ ಜನವರಿಯಿಂದ ಕಾದಿದ್ದಳು.

"ನಿಂಗ್ಯಾಕೆ ಕೊಡಲ್ಲ ಅಂದೆ ಅಂತ ಈಗ ತಿಳೀತಾ? ನೀನು ಗಾಡೀಲಿ ಕತ್ತಲಲ್ಲಿ ಕೂತಿರ್ತಿದ್ದೆ. ಸೌನಾದಲ್ಲಿ ನಿಮ್ಮಪ್ಪ ಕೂತಿದ್ದ ಹಾಗೇ. ನಂಗೆ ಭಯ ಆಗುತ್ತೆ ಮಗಾ. ಬೇಕಾದ್ರೆ ನನ್ನ ಮೇಲೆ ಸಿಟ್ಟು ಮಾಡ್ಕೋ, ಮಾತು ಬಿಡು. ನಾನು ಸಹಿ ಹಾಕ್ತೀನಿ."

ಅವಳು ಪೆನ್ನು ತೆಗೆದುಕೊಂಡಳು. ರಾಡ್ನಿ ಮೇಜಿನ ಹತ್ತಿರ ಬಂದ. ಅವಳ ಕೈ ಹಿಡಿದು ನಿಲ್ಲಿಸುತ್ತಾನೇನೋ ಎಂದು ಓರಿನ್ ಅರ್ಧ ಎದ್ದ. ರಾಡ್ನಿ ಕಾಗದದ ಕಡೆ ನೋಡಲೇ ಇಲ್ಲ. ಜೇಬಿನ ಚಾಕುವಿನಿಂದ ಪೆಟ್ಟಿಗೆಯ ಟೇಪು ಕೊಯ್ದು, ಕಂಬಳಿ ಬಿಚ್ಚಿ, ಬಂದೂಕನ್ನು ಹೊರತೆಗೆದ. ಗುಂಡಿಲ್ಲವೆಂದು ತೆರೆದು ನೋಡಿದ. ಅಪ್ಪ ಕಲಿಸಿದ್ದ ಹಾಗೆ ಎರಡನೇ ಸಲವೂ ನೋಡಿದ. ಹಿಡಿಯ ಮರ ಅಜ್ಜನ, ಅಪ್ಪನ ಕೆನ್ನೆ ತಾಗಿ ತಾಗಿ ನುಣ್ಣಗಾಗಿತ್ತು. ಅಲ್ಲಿಗೆ ಅವನು ಹೆಬ್ಬೆರಳು ಒತ್ತಿ ನಿಂತ.

"ಡಿಸೆಂಬರಲ್ಲಿ ಒಂದು ದಿನ ಅಪ್ಪನ್ನ ಕೇಳಿದ್ದೆ" ಎಂದ. "ಬಂದೂಕು ಸ್ವಲ್ಪ ದಿನ ಕೊಡಪ್ಪ ಅಂತ. ಸುಮ್ನೆ ನನ್ನ ಮುಖಾನೇ ನೋಡಿದ್ರು. ರಿಪೇರಿಗೆ ಹೋಗಿದೆ ಅಂದ್ರು. ಆಮೇಲೆ, ಈಗ ಕತ್ತಲು ಬೇಗ ಆಗುತ್ತೆ ಅಲ್ವೇನೋ ಅಂದ್ರು. ಡಿಸೆಂಬರ್ ಅಲ್ವಾ ಅಪ್ಪ ಅಂದೆ ನಾನು. ನನ್ನ ನಂಬಲ್ಲ ಇವ್ರು ಅಂತ ಸಿಟ್ಟು ಬಂದಿತ್ತು."

"ಯಾಕೆ ಬೇಕಿತ್ತು ನಿಂಗೆ ಅದು?" ಎಂದು ಲೆಂಪಿ ಕೇಳಿದಳು.

ರಾಡ್ನಿ ಬೇರೆಯೇ ಮಾತು ಹೇಳಿದ. ಹೆಂಡತಿ ಬಿಟ್ಟುಹೋದ ವರ್ಷ ಅವನು ತನ್ನ ಸ್ವಂತ ಬಂದೂಕು ಮಾರಿದ್ದ, ಗಾಡಿಗೆ ಟೈರು ಹಾಕಿಸಬೇಕು ಅಂತ. ಎಲ್ಲರೂ ನಂಬಿದ್ದರು.

"ಟೈರಿಗಲ್ಲ ಅಮ್ಮ ನಾನು ಮಾರಿದ್ದು" ಎಂದ. "ನಂಗೊಬ್ಬನಿಗೇ ಹೀಗೆ ಅಂದ್ಕೊಂಡಿದ್ದೆ. ಅಪ್ಪಂಗೂ ಇತ್ತು ಅಂತ ಗೊತ್ತಿದ್ರೆ ಕೇಳ್ಬಹುದಿತ್ತು. ಹೇಗೆ ಕಳೀತೀಯಪ್ಪ ಅಂತ ಒಂದು ಮಾತು ಕೇಳ್ಬಹುದಿತ್ತು."

ಲೆಂಪಿಗೆ ಆಗ ಅಳು ಬಂತು. ಜನವರಿಯಲ್ಲಿ ಅತ್ತದ್ದು ಗಂಡನಿಗೆ. ಈ ಅಳು ಬೇರೆ, ಅಪ್ಪ ಮಗ ಒಂದೇ ಅಂಗಳದಲ್ಲಿ, ಒಂದೇ ಕತ್ತಲಲ್ಲಿ, ಒಬ್ಬರಿಗೊಬ್ಬರು ಹವಾಮಾನ ಹೇಳಿಕೊಂಡು ಕಳೆದ ವರ್ಷಗಳಿಗೆ. ಅಪ್ಪನ ಮರ್ಯಾದೆ ಉಳಿಸಲು ಹೋಗಿ ಮಗನನ್ನು ಒಂಟಿ ಬಿಟ್ಟೆನಲ್ಲ ಎಂದು ಅವಳು ಬಾಯಿಬಿಟ್ಟೇ ಹೇಳಿದಳು. ರಾಡ್ನಿ ಒಂದು ಕೈಯಲ್ಲಿ ಬಂದೂಕು ಹಿಡಿದೇ ಇನ್ನೊಂದು ಕೈಯಿಂದ ಅವಳ ಹೆಗಲು ಬಳಸಿದ.

ಆಮೇಲೆ ಬಂದೂಕನ್ನು ಕಂಬಳಿಯ ಮೇಲೆ ಮಲಗಿಸಿ, ಓರಿನ್‌ನ ಕಡೆ ತಿರುಗಿದ.

"ಕುದುರೆ ಸಡಿಲ ಇದೆ" ಎಂದ.

ಓರಿನ್ ಮುದುಕ ಕಣ್ಣು ಮಿಟುಕಿಸದೆ ಅವನನ್ನು ನೋಡಿದ. "ಹೌದಾ?"

"ಹೌದು. ನೀವೇ ತಗೊಂಡು ಹೋಗಿ."

"ಹಿಮ ಕರಗಿದೆಯಲ್ಲಪ್ಪ. ಈ ಕಾಲದಲ್ಲಿ ಯಾರೂ ಕಳಿಸಲ್ಲ."

"ನಂದಿನ್ನೂ ಕರಗಿಲ್ಲ" ಎಂದ ರಾಡ್ನಿ.

ಓರಿನ್ ಮಾರಾಟದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಸರಿ. ಇಂಥ ಕೆಲ್ಸ ನಿಧಾನವಾಗೇ ಮಾಡ್ಬೇಕು. ಆದ್ರೆ ಒಂದು. ಎಲ್ಲಿಗೆ ಬಂತು ಅಂತ ನೀನು ಫೋನ್ ಮಾಡಿ ಕೇಳ್ತಿರ್ಬೇಕು. ನಿಮ್ಮಪ್ಪ ಫೆಬ್ರವರೀಲಿ ಮಾತ್ರ ಮಾಡೋರು. ನೀನು ಅವಾಗವಾಗ ಮಾಡು. ನಂಗೂ ಮನೇಲಿ ಮಾತಾಡೋರು ಯಾರೂ ಇಲ್ಲ."

ಕಂಬಳಿ ಸುತ್ತಿದ್ದು ರಾಡ್ನಿ. ಪೆಟ್ಟಿಗೆಯ ರೆಕ್ಕೆಗಳನ್ನು ಒತ್ತಿಹಿಡಿದದ್ದು ವೈನೋ. ಯಾರೂ ಹೇಳಿರಲಿಲ್ಲ, ತಾನಾಗಿ ಎದ್ದು ಬಂದು, ಎರಡು ಅಂಗೈಯನ್ನೂ ರಟ್ಟಿನ ಮೇಲೆ ಅದುಮಿ ನಿಂತ. ರಾಡ್ನಿ ಹಳೆಯ ಟೇಪಿನ ಮೇಲೆ ಹೊಸ ಟೇಪು ಎಳೆದ. ಪೆನ್ನು ತೆಗೆದು ಅಪ್ಪನ ಹೆಸರನ್ನು ಹೊಡೆದುಹಾಕದೆ, ಅದರ ಕೆಳಗೆ ತನ್ನ ಹೆಸರು ಬರೆದ. ಲೆಂಪಿ ಕಪಾಟಿನಿಂದ ಜಾಮಿನ ಬಾಟಲಿ ತಂದು ಓರಿನ್‌ನ ಕೈಗಿಟ್ಟಳು.

ಮಾವ ಅಳಿಯ ಇಬ್ಬರೂ ಪೆಟ್ಟಿಗೆಯ ಒಂದೊಂದು ತುದಿ ಹಿಡಿದು ಗಾಡಿಗೆ ಸಾಗಿಸಿದರು. ಈ ಸಲ ಕಾಲು ನೋಡಿಕೊಂಡೇ ಇಟ್ಟರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ವೈನೋ ಅಂಗಳದಲ್ಲೇ ಉಳಿದ. ರಾಡ್ನಿ ಒಳಗೆ ಬಂದು ಬೂಟು ಕಳಚಿದ. ಕೋಟಿನ ಜೇಬಿನಲ್ಲಿ ಬೆಳಗಿನಿಂದ ಮುದ್ದೆಯಾಗಿ ಕೂತಿದ್ದ ಒದ್ದೆ ಕೈಗವಸುಗಳನ್ನು ತೆಗೆದು, ಒಂದು ಸಲ ಹಿಂಡಿ, ಬಾಗಿಲ ಮೇಲಿನ ಗೂಟಗಳಿಗೆ ಒಂದೊಂದಾಗಿ ನೇತುಹಾಕಿದ.

ಸ್ಮಶಾನದ ಕೆಸರು ನೀರು ನೆಲಕ್ಕೆ ತೊಟ್ಟಿಕ್ಕತೊಡಗಿತು. ಲೆಂಪಿ ಹಳೆ ಬಟ್ಟೆಯೊಂದನ್ನು ತಂದು ಕೆಳಗೆ ಹಾಸಿದಳು.